ವಾರ್ನಿಷ್ ಮತ್ತು ಓಪನ್‌ಸ್ಟ್ಯಾಕ್: ಎರಡು ಮುಕ್ತ ತಂತ್ರಾಂಶಗಳ ತೌಲನಿಕ ವಿಮರ್ಶೆ

೧

ತಂತ್ರಾಂಶಗಳನ್ನು ಕುರಿತ ಬರವಣಿಗೆ ನಮ್ಮಲ್ಲಿ ಇನ್ನೂ ವಿಮರ್ಶೆಯ ಪದವಿಗೆ ಏರಿಲ್ಲ. ಪ್ರಕಟವಾಗುವ ಲೇಖನಗಳಲ್ಲಿ ಹೆಚ್ಚಿನವು ಬಳಕೆಯ ಕೈಪಿಡಿಗಳು, ಉಳಿದವು ಕೋಷ್ಟಕಗಳು. ಎಡಗಡೆ ಗುಣಗಳ ಪಟ್ಟಿ, ಬಲಗಡೆ ಉಂಟು ಇಲ್ಲಗಳ ಸಾಲು, ಕೊನೆಯಲ್ಲಿ ವೇಗದ ಅಂಕಿ. ಇಷ್ಟರಲ್ಲಿ ಹೋಲಿಕೆ ಮುಗಿದುಹೋಗುತ್ತದೆ. ಇಂಥ ಕೋಷ್ಟಕದಿಂದ ಕೊಳ್ಳುವವನಿಗೆ ಪ್ರಯೋಜನವಿರಬಹುದು. ಕಲಿಯುವವನಿಗೂ ಕಲಿಸುವವನಿಗೂ ಅದರಿಂದ ದೊರೆಯುವುದು ಸ್ವಲ್ಪ. ತಂತ್ರಾಂಶವೂ ಮನುಷ್ಯರು ಬರೆದ ಒಂದು ಪಾಠವೇ ಆಗಿದೆ. ಅದಕ್ಕೆ ಕರ್ತೃಗಳುಂಟು, ಹುಟ್ಟಿದ ಸಂದರ್ಭವುಂಟು, ರಚನಾಕ್ರಮವುಂಟು; ಆವೃತ್ತಿಗಳೂ ಪಾಠಾಂತರಗಳೂ ಉಂಟು. ಒಂದು ಗ್ರಂಥವನ್ನು ಕೇಳುವ ಪ್ರಶ್ನೆಗಳನ್ನೇ ಅದನ್ನೂ ಕೇಳಬಹುದು.

ಪ್ರಕೃತ ಲೇಖನದಲ್ಲಿ ಎರಡು ಕೃತಿಗಳನ್ನು ತೆಗೆದುಕೊಂಡಿದೆ. ಮೊದಲನೆಯದು ವಾರ್ನಿಷ್ ಕ್ಯಾಶ್. ಇದು ಜಾಲತಾಣದ ಪುಟಗಳ ಪ್ರತಿಗಳನ್ನು ಇಟ್ಟುಕೊಂಡು ಬೇಡಿದವರಿಗೆ ಬೇಗನೆ ಒದಗಿಸುವ ತಂತ್ರಾಂಶ. ಎರಡನೆಯದು ಓಪನ್‌ಸ್ಟ್ಯಾಕ್. ಇದು ಅನೇಕ ಕಂಪ್ಯೂಟರುಗಳ ಶಕ್ತಿಯನ್ನು ಒಟ್ಟುಗೂಡಿಸಿ ಬೇಡಿದವರಿಗೆ ಬೇಡಿದಷ್ಟು ಹಂಚಿಕೊಡುವ, ಕ್ಲೌಡ್ ಎಂದು ಹೆಸರಾದ ವ್ಯವಸ್ಥೆಯನ್ನು ಕಟ್ಟಲು ಬೇಕಾದ ತಂತ್ರಾಂಶ. ಬೇಸಗೆಯಲ್ಲಿ ದಾರಿಯ ಪಕ್ಕದಲ್ಲಿ ಇಡುವ ಅರವಟ್ಟಿಗೆಯನ್ನು ನೆನೆದರೆ ಮೊದಲನೆಯದರ ಕೆಲಸ ತಿಳಿಯುತ್ತದೆ. ನೀರು ಅಲ್ಲಿ ಹುಟ್ಟುವುದಿಲ್ಲ. ದೂರದ ಬಾವಿಯಿಂದ ಒಮ್ಮೆ ತಂದು ತುಂಬಿದ್ದು ಹತ್ತಾರು ದಾರಿಹೋಕರ ಬಾಯಾರಿಕೆಯನ್ನು ತಣಿಸುತ್ತದೆ, ಬಾವಿಯ ಬಳಿ ನೂಕುನುಗ್ಗಲು ತಪ್ಪುತ್ತದೆ. ಎರಡನೆಯದು ಛತ್ರದ ಹಾಗೆ. ಬಂದವನು ಯಾರೆಂದು ವಿಚಾರಿಸಬೇಕು, ಕೋಣೆ ಗೊತ್ತುಮಾಡಬೇಕು, ನೀರು ದೀಪ ಹಾಸಿಗೆಗಳನ್ನು ಒದಗಿಸಬೇಕು, ಅವನು ಹೊರಟ ಮೇಲೆ ಆ ಕೋಣೆಯನ್ನು ಮತ್ತೊಬ್ಬನಿಗೆ ಕೊಡಬೇಕು, ಎಲ್ಲಕ್ಕೂ ಲೆಕ್ಕ ಇಡಬೇಕು.

ಅರವಟ್ಟಿಗೆಯನ್ನೂ ಛತ್ರವನ್ನೂ ಹೋಲಿಸುವುದು ಯುಕ್ತವೇ ಎಂದು ವಾಚಕರು ಕೇಳಬಹುದು. ಯಾವುದು ವೇಗ, ಯಾವುದು ಅಗ್ಗ ಎಂಬ ವಿಚಾರಕ್ಕಾದರೆ ಯುಕ್ತವಲ್ಲ. ಆದರೆ ಇವೆರಡನ್ನೂ ಲೋಕವು ಮುಕ್ತ ಎಂಬ ಒಂದೇ ವಿಶೇಷಣದಿಂದ ಹೊಗಳುತ್ತಿದೆ. ಈ ವಿಶೇಷಣ ಎರಡು ಕಡೆಯೂ ಒಂದೇ ಅರ್ಥವನ್ನು ಕೊಡುತ್ತದೆಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮುಕ್ತ ತಂತ್ರಾಂಶದ ಕಲ್ಪನೆಗೆ ಸ್ಪಷ್ಟವಾದ ರೂಪ ದೊರೆತದ್ದು ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರಲ್ಲಿ ಗ್ನೂ ಯೋಜನೆಯನ್ನು ಸಾರಿದ ಮೇಲೆ. ಓಪನ್ ಸೋರ್ಸ್ ಎಂಬ ಹೆಸರು ರೂಢಿಗೆ ಬಂದದ್ದು ೧೯೯೮ರಿಂದ. ಎರಡು ಪಂಥಗಳ ತತ್ತ್ವಗಳಲ್ಲಿ ಭೇದವಿದ್ದರೂ ಬಳಸಲು, ಮೂಲಪಾಠವನ್ನು ಓದಲು, ತಿದ್ದಲು, ಹಂಚಲು ಅನುಮತಿ ಇರಬೇಕೆಂಬುದರಲ್ಲಿ ಅವು ಒಂದಾಗಿವೆ. ಈ ಅನುಮತಿಯನ್ನು ಕೊಡುವ ಪತ್ರವೇ ಪರವಾನಗಿ. ವಾರ್ನಿಷ್ ಎರಡು ಷರತ್ತುಗಳ ಬಿಎಸ್‌ಡಿ ಪರವಾನಗಿಯಲ್ಲಿದೆ. ಓಪನ್‌ಸ್ಟ್ಯಾಕ್ ಅಪಾಚೆ ೨.೦ ಪರವಾನಗಿಯಲ್ಲಿದೆ. ಎರಡನೆಯದರಲ್ಲಿ ಪೇಟೆಂಟುಗಳ ವಿಷಯವಾಗಿ ಕೆಲವು ಮಾತುಗಳು ಹೆಚ್ಚಾಗಿವೆ. ಅದನ್ನು ಬಿಟ್ಟರೆ ಎರಡೂ ಉದಾರವಾದ ಪರವಾನಗಿಗಳೇ. ತಿದ್ದಿದವನು ತನ್ನ ತಿದ್ದುಪಡಿಯನ್ನು ಲೋಕಕ್ಕೆ ಕೊಡಲೇಬೇಕೆಂಬ ಕಟ್ಟು ಎರಡರಲ್ಲಿಯೂ ಇಲ್ಲ. ಹೀಗೆ ಪರವಾನಗಿಯ ದೃಷ್ಟಿಯಿಂದ ಇವು ಬಹುಮಟ್ಟಿಗೆ ಸಮಾನ. ಆದುದರಿಂದ ಇವುಗಳ ಮುಕ್ತತೆಯಲ್ಲಿ ಅಂತರವೇನಾದರೂ ಕಂಡುಬಂದರೆ ಅದರ ಕಾರಣವನ್ನು ಪರವಾನಗಿಯ ಹೊರಗೆ ಹುಡುಕಬೇಕಾಗುತ್ತದೆ.

೨

ಮೊದಲು ಇವು ಹುಟ್ಟಿದ ಸಂದರ್ಭವನ್ನು ನೋಡೋಣ.

ಹತ್ತಿರದಲ್ಲಿ ಪ್ರತಿ ಇಟ್ಟುಕೊಂಡು ದೂರದ ಪ್ರಯಾಣವನ್ನು ಉಳಿಸುವ ಉಪಾಯ ಜಾಲಕ್ಕಿಂತ ಹಳೆಯದು. ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ ಅವರು ೧೯೬೫ರಲ್ಲಿಯೇ ಕಂಪ್ಯೂಟರಿನ ದೊಡ್ಡ ಸ್ಮೃತಿಯ ಪಕ್ಕದಲ್ಲಿ ಚಿಕ್ಕದಾದ, ಶೀಘ್ರವಾದ ಇನ್ನೊಂದು ಸ್ಮೃತಿಯನ್ನು ಇಡುವ ವಿಚಾರವನ್ನು ಪ್ರಕಟಿಸಿದ್ದರು. ಜಾಲದ ಪುಟಗಳಿಗೆ ಇದನ್ನು ಅನ್ವಯಿಸಿದ ಮೊದಲ ಪ್ರಯತ್ನಗಳಲ್ಲಿ ಮುಖ್ಯವಾದದ್ದು ಯುರೋಪಿನ ಸರ್ನ್ ಸಂಸ್ಥೆಯ ಸರ್ವರ್. ಆರಿ ಲೂಟನನ್ ಮತ್ತು ಕೆವಿನ್ ಆಲ್ಟಿಸ್ ಅವರು ೧೯೯೪ರಲ್ಲಿ ಅದರ ವಿವರಣೆಯನ್ನು ಕೊಟ್ಟರು. ಅನಂತರ ಅಮೆರಿಕದ ಹಾರ್ವೆಸ್ಟ್ ಎಂಬ ಸಂಶೋಧನ ಯೋಜನೆಯಿಂದ ಒಡೆದುಬಂದದ್ದು ಸ್ಕ್ವಿಡ್. ಡುವೇನ್ ವೆಸೆಲ್ಸ್ ಅವರು ೧೯೯೬ರಿಂದ ಇದನ್ನು ಬೆಳೆಸಿದರು. ಬೆಲೆಯ ಸಂಪರ್ಕವನ್ನು ಮಿತವ್ಯಯದಿಂದ ಬಳಸಬೇಕಾಗಿದ್ದ ಕಾಲೇಜುಗಳಿಗೂ ಕಚೇರಿಗಳಿಗೂ ಅದು ಒದಗಿತು. ಓದುಗರ ಕಡೆ ನಿಂತು ಎಲ್ಲ ತಾಣಗಳ ಪುಟಗಳನ್ನೂ ಸಂಗ್ರಹಿಸುವುದು ಅದರ ಮೂಲೋದ್ದೇಶ.

ವಾರ್ನಿಷ್ ಹುಟ್ಟಿದ್ದು ಇದಕ್ಕೆ ಎದುರಾದ ಅಗತ್ಯದಿಂದ. ನಾರ್ವೆಯ ವೆರ್ಡೆನ್ಸ್ ಗಾಂಗ್ ಎಂಬ ಪತ್ರಿಕೆಯ ಜಾಲತಾಣಕ್ಕೆ ಓದುಗರ ನೆರವಿ ಹೆಚ್ಚಿತ್ತು. ಒಂದೇ ತಾಣದ ಮುಂದೆ ನಿಂತು ಅದೊಂದರ ಪುಟಗಳನ್ನೇ ಲಕ್ಷೋಪಲಕ್ಷ ಜನಕ್ಕೆ ಹಂಚುವ ಸಾಧನ ಅದಕ್ಕೆ ಬೇಕಾಗಿತ್ತು. ಆ ಪತ್ರಿಕೆಯ ಹಣದಿಂದ, ಡೆನ್ಮಾರ್ಕಿನ ಪೌಲ್ ಹೆನ್ನಿಂಗ್ ಕ್ಯಾಂಪ್ ಅವರ ಕೈಯಿಂದ, ಲಿನ್‌ಪ್ರೊ ಎಂಬ ನಾರ್ವೆಯ ಕಂಪನಿಯ ನಿರ್ವಹಣೆಯಲ್ಲಿ ೨೦೦೬ರಲ್ಲಿ ಮೊದಲ ಆವೃತ್ತಿ ಹೊರಬಂದಿತು. ಸ್ಕ್ವಿಡ್ ಓಡುತ್ತಿದ್ದ ಹನ್ನೆರಡು ಯಂತ್ರಗಳ ಕೆಲಸವನ್ನು ವಾರ್ನಿಷ್ ಓಡುವ ಮೂರು ಯಂತ್ರಗಳು ವಹಿಸಿಕೊಂಡುವೆಂಬುದು ಆ ಕಾಲದ ವರದಿ. ಕ್ಯಾಂಪ್ ಅವರು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣ ವ್ಯವಸ್ಥೆಯ ಗರ್ಭವನ್ನು ಬರೆದವರಲ್ಲಿ ಒಬ್ಬರು. ಈ ಸಂಗತಿ ಕೃತಿಯ ಶಿಲ್ಪವನ್ನು ತಿಳಿಯಲು ಮುಂದೆ ನೆರವಾಗುತ್ತದೆ.

ಓಪನ್‌ಸ್ಟ್ಯಾಕ್ ೨೦೧೦ರ ಜುಲೈ ತಿಂಗಳಲ್ಲಿ ಪ್ರಕಟವಾಯಿತು. ಅದಕ್ಕೆ ಇಬ್ಬರು ಜನಕರು. ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾದ ನೆಬ್ಯುಲಾ ಯೋಜನೆಯಿಂದ ನೋವಾ ಎಂಬ ಭಾಗ ಬಂದಿತು. ಇದು ಯಂತ್ರಶಕ್ತಿಯನ್ನು ಹಂಚುತ್ತದೆ. ರ‍್ಯಾಕ್‌ಸ್ಪೇಸ್ ಎಂಬ ಕಂಪನಿಯಿಂದ ಸ್ವಿಫ್ಟ್ ಬಂದಿತು. ಇದು ಕಡತಗಳನ್ನು ಕಾಪಾಡುತ್ತದೆ. ನೋವಾ ಹುಟ್ಟಿದ ಬಗೆ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ನಾಸಾದವರು ಮೊದಲು ಬಳಸುತ್ತಿದ್ದದ್ದು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂಟಾ ಬಾರ್ಬರ ಶಾಖೆಯಲ್ಲಿ ಹುಟ್ಟಿದ ಯೂಕಲಿಪ್ಟಸ್ ಎಂಬ ತಂತ್ರಾಂಶವನ್ನು. ಅದರ ತಿರುಳು ಮುಕ್ತವಾಗಿತ್ತು. ಮೇಲಿನ ಕೆಲವು ಭಾಗಗಳು ಬೆಲೆಯ ಆವೃತ್ತಿಗೆ ಮೀಸಲಾಗಿದ್ದುವು. ತಾವು ಕಳುಹಿಸಿದ ತಿದ್ದುಪಡಿಗಳು ಈ ಬೆಲೆಯ ಆವೃತ್ತಿಗೆ ಅಡ್ಡಬಂದುದರಿಂದ ಸ್ವೀಕೃತವಾಗಲಿಲ್ಲವೆಂಬುದು ನೆಬ್ಯುಲಾದವರ ದೂರು. ಹೀಗಾಗಿ ಅವರು ಬೇರೆಯದನ್ನೇ ಬರೆದರು. ಅರ್ಧ ತೆರೆದ ಬಾಗಿಲಿನ ವಿಷಯದಲ್ಲಿ ಉಂಟಾದ ಅತೃಪ್ತಿಯೇ ಓಪನ್‌ಸ್ಟ್ಯಾಕ್‌ಗೆ ಒಂದು ಪ್ರೇರಣೆ ಎನ್ನಬೇಕು.

೩

ಇನ್ನು ರಚನೆಯ ವಿಚಾರ. ವಾರ್ನಿಷ್‌ನ ಶಿಲ್ಪದಲ್ಲಿ ಒಂದು ವಾದವಿದೆ. ಕೃತಿಯೆಲ್ಲವೂ ಆ ವಾದದ ವಿಸ್ತಾರ. ಹಿಂದಿನ ಪ್ರೋಗ್ರಾಮುಗಳು ಸ್ಮೃತಿ ಬೇರೆ, ಡಿಸ್ಕ್ ಬೇರೆ ಎಂದು ಎಣಿಸಿ ಯಾವ ವಸ್ತು ಎಲ್ಲಿರಬೇಕೆಂಬುದನ್ನು ತಾವೇ ನಿರ್ಧರಿಸುತ್ತಿದ್ದುವು. ಆದರೆ ಕಾರ್ಯಾಚರಣ ವ್ಯವಸ್ಥೆ ತಾನೂ ಇದೇ ಕೆಲಸವನ್ನು ಮಾಡುತ್ತಿರುತ್ತದೆ. ಸ್ಮೃತಿಯಲ್ಲಿ ಸ್ಥಳ ಸಾಲದೆ ಬಂದಾಗ ಬಹುಕಾಲ ಮುಟ್ಟದ ಭಾಗವನ್ನು ಅದು ಡಿಸ್ಕಿಗೆ ಸರಿಸಿಬಿಡುತ್ತದೆ. ಇದನ್ನರಿಯದ ಪ್ರೋಗ್ರಾಂ ಆ ಭಾಗವನ್ನು ತಾನೂ ಡಿಸ್ಕಿಗೆ ಬರೆಯಲು ಹೊರಡುತ್ತದೆ. ಆಗ ವ್ಯವಸ್ಥೆ ಡಿಸ್ಕಿನಿಂದ ಅದನ್ನು ಮತ್ತೆ ಸ್ಮೃತಿಗೆ ತರಬೇಕು, ತಂದದ್ದನ್ನು ಪ್ರೋಗ್ರಾಂ ಮತ್ತೆ ಡಿಸ್ಕಿಗೇ ಬರೆಯಬೇಕು. ಒಂದೇ ಉಗ್ರಾಣಕ್ಕೆ ಇಬ್ಬರು ಉಗ್ರಾಣಿಗಳಾದರೆ ಆಗುವ ಅನರ್ಥ ಇದು. ಈ ರೀತಿ ೧೯೭೫ರ ಕಾಲಕ್ಕೆ ಸಲ್ಲುವಂಥದೆಂದು ಕ್ಯಾಂಪ್ ಅವರು ತಮ್ಮ ಟಿಪ್ಪಣಿಗಳಲ್ಲಿ ಹಳಿದಿದ್ದಾರೆ. ಅವರು ಮಾಡಿದ್ದಿಷ್ಟೆ: ವಿಶಾಲವಾದ ಒಂದು ಪ್ರದೇಶವನ್ನು ವ್ಯವಸ್ಥೆಯಿಂದ ಕೇಳಿ ಪಡೆದು, ಯಾವುದು ಸ್ಮೃತಿಯಲ್ಲಿ, ಯಾವುದು ಡಿಸ್ಕಿನಲ್ಲಿ ಎಂಬ ಚಿಂತೆಯನ್ನು ವ್ಯವಸ್ಥೆಗೇ ಒಪ್ಪಿಸಿದರು.

ಇದೇ ಮಿತವ್ಯಯ ಉಳಿದ ಅಂಗಗಳಲ್ಲಿಯೂ ಕಾಣುತ್ತದೆ. ನಡೆದುದರ ದಾಖಲೆಯನ್ನು ವಾರ್ನಿಷ್ ತಾನೇ ಕಡತಕ್ಕೆ ಬರೆಯುತ್ತ ಕೂಡುವುದಿಲ್ಲ. ಹಂಚಿಕೊಂಡ ಸ್ಮೃತಿಯಲ್ಲಿ ಬರೆದಿಡುತ್ತದೆ, ಬೇಕಾದವರು ಬೇರೆ ಪ್ರೋಗ್ರಾಮಿನಿಂದ ಓದಿಕೊಳ್ಳಬಹುದು. ಕೆಲಸ ಮಾಡುವ ಪ್ರಕ್ರಿಯೆ ಒಂದು, ಅದನ್ನು ನೋಡಿಕೊಳ್ಳುವ ಪ್ರಕ್ರಿಯೆ ಇನ್ನೊಂದು. ಮೊದಲನೆಯದು ಕುಸಿದರೆ ಎರಡನೆಯದು ಅದನ್ನು ಮತ್ತೆ ಎಬ್ಬಿಸುತ್ತದೆ.

ಕೃತಿಯ ಅತ್ಯಂತ ಸ್ವಾರಸ್ಯವಾದ ಭಾಗವೆಂದರೆ ವಿಸಿಎಲ್ ಎಂಬ ಅದರ ಸ್ವಂತ ಭಾಷೆ. ಯಾವ ಬೇಡಿಕೆಗೆ ಸಂಗ್ರಹದ ಪ್ರತಿಯನ್ನು ಕೊಡಬಹುದು, ಯಾವುದನ್ನು ಮೂಲ ಸರ್ವರಿಗೇ ಕಳುಹಿಸಬೇಕು, ಪ್ರತಿಯನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬೇಕು ಎಂಬ ನಿಯಮಗಳನ್ನು ತಾಣದ ಆಡಳಿತಗಾರನು ಈ ಭಾಷೆಯಲ್ಲಿ ಬರೆಯುತ್ತಾನೆ. ಬರೆದದ್ದು ಸಿ ಭಾಷೆಗೆ ಅನುವಾದವಾಗಿ, ಯಂತ್ರದ ಭಾಷೆಗೆ ಇಳಿದು, ಓಡುತ್ತಿರುವ ತಂತ್ರಾಂಶದೊಳಗೆ ಸೇರಿಕೊಳ್ಳುತ್ತದೆ. ಅದಕ್ಕಾಗಿ ಸರ್ವರನ್ನು ನಿಲ್ಲಿಸಬೇಕಾಗಿಲ್ಲ. ಬಳಸುವವನನ್ನು ಕರ್ತೃವಿನ ಪಕ್ಕದಲ್ಲಿ ಕೂಡಿಸುವ ಈ ಏರ್ಪಾಟಿನಲ್ಲಿ ದೊಡ್ಡ ವಿಶ್ವಾಸವೂ ಅಪಾಯವೂ ಒಟ್ಟಿಗೆ ಇವೆ. ಕುಕಿ ಇರುವ ಬೇಡಿಕೆಗಳನ್ನು ಸಂಗ್ರಹದಿಂದ ಪೂರೈಸಬಾರದೆಂಬುದು ತಂತ್ರಾಂಶದೊಡನೆ ಬರುವ ಸಹಜ ನಿಯಮ. ಆಡಳಿತಗಾರನು ಅದನ್ನು ವಿವೇಚನೆಯಿಲ್ಲದೆ ಸಡಿಲಿಸಿದರೆ ಒಬ್ಬನ ಸ್ವಂತ ಪುಟ ಮತ್ತೊಬ್ಬನ ಕಣ್ಣಿಗೆ ಬೀಳಬಹುದು.

ಈ ಕೃತಿಯ ದೋಷಗಳನ್ನೂ ಹೇಳಬೇಕು. ಸಂಗ್ರಹವನ್ನು ವ್ಯವಸ್ಥೆಗೆ ಒಪ್ಪಿಸಬೇಕೆಂಬ ಸಿದ್ಧಾಂತ ಬರವಣಿಗೆಯಲ್ಲಿ ಎಷ್ಟು ಸುಂದರವೋ ಆಚರಣೆಯಲ್ಲಿ ಅಷ್ಟು ನಿರ್ದುಷ್ಟವಾಗಿ ಉಳಿಯಲಿಲ್ಲ. ಡಿಸ್ಕಿನ ಕಡತವನ್ನು ಆಧರಿಸಿದ ಸಂಗ್ರಹ ಬಹುಕಾಲ ಓಡಿದಂತೆ ಚೂರುಚೂರಾಗುತ್ತಿತ್ತು. ಮುಂದಿನ ಆವೃತ್ತಿಗಳಲ್ಲಿ ಸಾಮಾನ್ಯ ಸ್ಮೃತಿಯನ್ನು ಬಳಸುವ ಸಂಗ್ರಹವೇ ಸಹಜ ಕ್ರಮವಾಯಿತು. ಎರಡನೆಯದಾಗಿ, ಪ್ರಕ್ರಿಯೆ ಸತ್ತು ಎದ್ದರೆ ಕೂಡಿಟ್ಟ ಪ್ರತಿಗಳೆಲ್ಲ ಹೋಗುತ್ತವೆ, ಅರವಟ್ಟಿಗೆಯ ಗುಡಾಣ ಒಡೆದ ಹಾಗೆ. ಮೂರನೆಯದು ಗೂಢಲಿಪಿಯ ವಿಷಯ. ಬ್ರೌಸರಿಗೂ ಸರ್ವರಿಗೂ ನಡುವಣ ಮಾತನ್ನು ಮರೆಮಾಡುವ ಟಿಎಲ್‌ಎಸ್ ಕ್ರಮವನ್ನು ವಾರ್ನಿಷ್‌ನೊಳಗೆ ಸೇರಿಸಲು ಕ್ಯಾಂಪ್ ಅವರು ೨೦೧೧ರಲ್ಲಿ ಸಕಾರಣವಾಗಿ ನಿರಾಕರಿಸಿದರು. ಆಗ ದೊರೆಯುತ್ತಿದ್ದ ಗೂಢಲಿಪಿಯ ಗ್ರಂಥಾಲಯಗಳ ಗುಣದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ರಹಸ್ಯದ ಕೀಲಿಯನ್ನು ದೊಡ್ಡ ಪ್ರಕ್ರಿಯೆಯೊಂದರ ಕೈಗೆ ಕೊಡುವುದೂ ಅವರಿಗೆ ಒಪ್ಪಿಗೆಯಾಗಲಿಲ್ಲ. ೨೦೧೪ರಲ್ಲಿ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯದ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ಈ ಅಂಜಿಕೆ ನಿರಾಧಾರವಲ್ಲವೆಂದು ಗೊತ್ತಾಯಿತು. ಆದರೂ ಜಾಲವೆಲ್ಲ ಗೂಢಲಿಪಿಗೆ ಹೊರಳಿದ ಕಾಲದಲ್ಲಿ ವಾರ್ನಿಷ್‌ನ ಮುಂದೆ ಮತ್ತೊಂದು ತಂತ್ರಾಂಶವನ್ನು ನಿಲ್ಲಿಸುವುದು ಬಳಕೆದಾರರಿಗೆ ಅನಿವಾರ್ಯವಾಯಿತು. ಕರ್ತೃ ಒಬ್ಬನೇ ಆದಾಗ ಕೃತಿಗೆ ಏಕಸೂತ್ರತೆ ಬರುತ್ತದೆ. ಅವನು ಬೇಡವೆಂದದ್ದು ಬಹುಕಾಲ ಹೊರಗೇ ಉಳಿಯುವುದೂ ಉಂಟು.

ಇಷ್ಟಾದರೂ ಒಂದು ಮಾತು ನಿರ್ವಿವಾದ. ಈ ಕೃತಿಯನ್ನು ಓದಬಹುದು. ಸಿ ಭಾಷೆಯನ್ನೂ ಕಾರ್ಯಾಚರಣ ವ್ಯವಸ್ಥೆಯ ಪಾಠಗಳನ್ನೂ ಕಲಿತ ಶ್ರದ್ಧೆಯ ವಿದ್ಯಾರ್ಥಿ ಅದರ ತಿರುಳನ್ನು ಮೊದಲಿನಿಂದ ಕೊನೆಯವರೆಗೆ ಅನುಸರಿಸಿ, ಹೀಗೇಕೆ ಬರೆದರು ಎಂಬ ಪ್ರಶ್ನೆಗೆ ಕರ್ತೃವಿನ ಟಿಪ್ಪಣಿಗಳಲ್ಲಿಯೇ ಉತ್ತರವನ್ನು ಪಡೆಯಬಲ್ಲನು.

೪

ಓಪನ್‌ಸ್ಟ್ಯಾಕ್ ಹಾಗಲ್ಲ. ಅದು ಒಂದು ಪ್ರೋಗ್ರಾಂ ಅಲ್ಲ, ಪ್ರೋಗ್ರಾಮುಗಳ ಒಂದು ಮಂಡಲ. ಬಳಕೆದಾರನೊಬ್ಬನು ತನಗೆ ಒಂದು ವರ್ಚುಯಲ್ ಯಂತ್ರ ಬೇಕೆಂದು ಕೇಳಿದಾಗ ಏನಾಗುತ್ತದೆಂಬುದನ್ನು ನೋಡಿದರೆ ಇದರ ಸ್ವರೂಪ ತಿಳಿಯುತ್ತದೆ. ಅವನು ಯಾರು, ಏನು ಕೇಳಲು ಅಧಿಕಾರವುಳ್ಳವನು ಎಂಬುದನ್ನು ಕೀಸ್ಟೋನ್ ಪರೀಕ್ಷಿಸುತ್ತದೆ. ಬೇಡಿಕೆಯನ್ನು ನೋವಾ ತೆಗೆದುಕೊಂಡು ಡೇಟಾಬೇಸಿನಲ್ಲಿ ದಾಖಲಿಸಿ ಸಂದೇಶಗಳ ಸಾಲಿನಲ್ಲಿ ಇಡುತ್ತದೆ. ಯಾವ ಯಂತ್ರದಲ್ಲಿ ತೆರಪಿದೆಯೆಂಬುದನ್ನು ನೋವಾದ ಇನ್ನೊಂದು ಅಂಗ ಆರಿಸುತ್ತದೆ. ಆರಿಸಿದ ಯಂತ್ರದ ಮೇಲಿರುವ ಮತ್ತೊಂದು ಅಂಗ ಕೆಲಸಕ್ಕೆ ತೊಡಗುತ್ತದೆ. ಹೊಸ ಯಂತ್ರಕ್ಕೆ ಬೇಕಾದ ಅಚ್ಚುಪ್ರತಿಯನ್ನು ಗ್ಲಾನ್ಸ್ ಕೊಡುತ್ತದೆ, ಜಾಲದ ವಿಳಾಸವನ್ನು ನ್ಯೂಟ್ರಾನ್ ಒದಗಿಸುತ್ತದೆ, ಡಿಸ್ಕನ್ನು ಸಿಂಡರ್ ಜೋಡಿಸುತ್ತದೆ. ಕೊನೆಗೆ ಕೆವಿಎಂನಂಥ ತಂತ್ರಾಂಶ ಯಂತ್ರವನ್ನು ಎಬ್ಬಿಸುತ್ತದೆ. ಇವುಗಳಲ್ಲಿ ಒಂದು ತಪ್ಪಿದರೂ ಬಳಕೆದಾರನಿಗೆ ಕಾಣುವುದು ಯಂತ್ರ ಸಿಕ್ಕಲಿಲ್ಲವೆಂಬ ಒಂದೇ ಸಾಲು. ತಪ್ಪು ಎಲ್ಲಿಯದೆಂಬುದನ್ನು ಹುಡುಕುವವನು ಐದಾರು ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿಕೊಂಡು ಓದಬೇಕು.

ಒಂದೊಂದು ಅಂಗವನ್ನು ಬಿಡಿಯಾಗಿ ನೋಡಿದರೆ ಅದು ಪೈಥಾನ್ ಭಾಷೆಯಲ್ಲಿ ಬರೆದ, ಓದಬಹುದಾದ ಪಾಠವೇ. ಆದರೆ ಎಲ್ಲವೂ ಸೇರಿದಾಗ ಸಾಲುಗಳ ಸಂಖ್ಯೆ ಹತ್ತು ಲಕ್ಷವನ್ನು ಎಂದೋ ಮೀರಿದೆ. ಇಡಿಯಾಗಿ ಓದಿದೆನೆಂದು ಹೇಳಬಲ್ಲವರು ಅದನ್ನು ಬರೆದವರಲ್ಲಿಯೂ ಇರಲಾರರು.

ಕಾರ್ಯವೇ ದೊಡ್ಡದಾದ್ದರಿಂದ ಗಾತ್ರವೂ ದೊಡ್ಡದಾಯಿತು, ಇದನ್ನು ದೋಷವೆನ್ನಲಾಗದು ಎಂದು ಪ್ರತಿವಾದಿಗಳು ಹೇಳಬಹುದು. ಈ ಮಾತಿನಲ್ಲಿ ಸತ್ಯಾಂಶವಿದೆ. ಛತ್ರಕ್ಕೆ ಅರವಟ್ಟಿಗೆಯ ಸರಳತೆ ಬರಬೇಕೆಂದು ಯಾರೂ ಬಯಸರು. ಆದರೆ ಗಾತ್ರದಲ್ಲಿ ಎರಡು ಬಗೆಗಳುಂಟು: ಕಾರ್ಯವು ಬೇಡಿದ ಗಾತ್ರ ಒಂದು, ಕೂಡಿದ ಜನರು ತಂದ ಗಾತ್ರ ಇನ್ನೊಂದು. ಯಂತ್ರಗಳನ್ನು ಮಾರುವ ಒಂದೊಂದು ಕಂಪನಿಯೂ ತನ್ನ ಡಿಸ್ಕಿಗೆ, ತನ್ನ ಜಾಲದ ಉಪಕರಣಕ್ಕೆ ಒಂದೊಂದು ಜೋಡಣೆಯನ್ನು ಬರೆದು ಸೇರಿಸಿತು. ೨೦೧೪ರ ಕೊನೆಯಲ್ಲಿ ಯೋಜನೆಯವರು 'ದೊಡ್ಡ ಡೇರೆ' ಎಂಬ ನೀತಿಯನ್ನು ಅಂಗೀಕರಿಸಿದರು. ಓಪನ್‌ಸ್ಟ್ಯಾಕ್‌ನ ರೀತಿಯಲ್ಲಿ ಕೆಲಸಮಾಡುವ ಯಾವ ಗುಂಪಾದರೂ ಆ ಹೆಸರಿನ ಕೆಳಗೆ ಬರಬಹುದೆಂಬುದು ಅದರ ತಾತ್ಪರ್ಯ. ಉಪಯೋಜನೆಗಳು ಹತ್ತುಗಟ್ಟಲೆ ಬೆಳೆದುವು. ಇವುಗಳಲ್ಲಿ ಯಾವುದು ತಿರುಳು, ಯಾವುದು ಸಿಪ್ಪೆ ಎಂದು ಹೊಸಬನಿಗೆ ತಿಳಿಯದಂತಾಯಿತು. ಕೆಲವು ವರ್ಷಗಳಲ್ಲಿ ಆ ಹೆಸರನ್ನು ಅವರೇ ಕೈಬಿಟ್ಟರು. ಇಲ್ಲಿ ಮುಕ್ತತೆಯ ಅತಿಶಯವೇ ಗ್ರಾಹ್ಯತೆಗೆ ಅಡ್ಡಿಯಾದದ್ದನ್ನು ಗಮನಿಸಬೇಕು. ಎಲ್ಲರಿಗೂ ಬರೆಯಲು ಅವಕಾಶವಿತ್ತು. ಆ ಅವಕಾಶದ ಫಲವಾಗಿಯೇ ಒಬ್ಬನು ಓದಿ ಮುಗಿಸುವುದು ಅಸಾಧ್ಯವಾಯಿತು.

೫

ರಚನೆಯಲ್ಲಿ ಹೀಗೆ ವಾರ್ನಿಷ್ ಮೇಲೆನಿಸಿದರೂ ಕೃತಿಯ ಒಡೆತನವನ್ನು ವಿಚಾರಿಸಿದಾಗ ತಕ್ಕಡಿ ಇನ್ನೊಂದು ಕಡೆಗೆ ಬಾಗುತ್ತದೆ.

ಓಪನ್‌ಸ್ಟ್ಯಾಕ್‌ನವರು ಮೂಲಪಾಠದ ಜೊತೆಗೆ ವಿನ್ಯಾಸ, ಅಭಿವೃದ್ಧಿ, ಸಮುದಾಯ ಈ ಮೂರೂ ತೆರೆದಿರಬೇಕೆಂದು ಸಾರಿದರು. ೨೦೧೨ರಲ್ಲಿ ಒಂದು ಪ್ರತಿಷ್ಠಾನ ಏರ್ಪಟ್ಟು ಹೆಸರಿನ ಹಕ್ಕು ಅದಕ್ಕೆ ಸಂದಿತು. ಅದರ ಮಂಡಳಿಯ ೨೪ ಸ್ಥಾನಗಳಲ್ಲಿ ೮ ಹೆಚ್ಚು ಹಣ ಕೊಡುವ ಕಂಪನಿಗಳಿಗೆ, ೮ ಎರಡನೆಯ ದರ್ಜೆಯ ಕಂಪನಿಗಳಿಗೆ, ೮ ಬಿಡಿ ಸದಸ್ಯರಿಗೆ ಎಂದು ಹಂಚಿಕೆಯಾಯಿತು. ತಾಂತ್ರಿಕ ಸಮಿತಿಯನ್ನು ಬರೆಯುವವರೇ ಚುನಾಯಿಸುತ್ತಾರೆ. ಹಣವುಳ್ಳವರ ಮಾತಿಗೆ ಇಲ್ಲಿ ತೂಕ ಹೆಚ್ಚೆಂಬುದು ಸ್ಪಷ್ಟ. ಆದರೂ ಯಾವ ಒಬ್ಬನೂ ಬಾಗಿಲು ಮುಚ್ಚಲಾರನು. ಇದರ ಪರೀಕ್ಷೆಯೂ ಆಯಿತು. ಜನಕರಲ್ಲಿ ಒಬ್ಬರಾದ ನಾಸಾದವರು ೨೦೧೨ರ ವೇಳೆಗೆ ಅಭಿವೃದ್ಧಿಯ ಕೆಲಸದಿಂದ ಹಿಂದೆ ಸರಿದು ಅಮೆಜಾನ್ ಕಂಪನಿಯ ಕ್ಲೌಡನ್ನು ಬಳಸತೊಡಗಿದರು. ಎಚ್‌ಪಿ ಕಂಪನಿ ಇದರ ಮೇಲೆ ಕಟ್ಟಿದ ಸಾರ್ವಜನಿಕ ಕ್ಲೌಡನ್ನು ೨೦೧೬ರ ಜನವರಿಯಲ್ಲಿ ಮುಚ್ಚಿತು. ಸಿಸ್ಕೋ ತನ್ನದನ್ನು ೨೦೧೭ರಲ್ಲಿ ನಿಲ್ಲಿಸಿತು. ಕೃತಿ ಮಾತ್ರ ನಿಲ್ಲಲಿಲ್ಲ. ಜಾಲವು ಹುಟ್ಟಿದ ಮನೆಯಾದ ಸರ್ನ್ ೨೦೧೩ರಿಂದ ಇದನ್ನೇ ನೆಚ್ಚಿ ಕಣಭೌತದ ಗಣಿತಕ್ಕೆ ಲಕ್ಷಾಂತರ ಸಂಸ್ಕರಣ ಘಟಕಗಳನ್ನು ನಡೆಸುವಷ್ಟು ಬೆಳೆಸಿತು. ಪ್ರತಿಷ್ಠಾನವು ೨೦೨೦ರಲ್ಲಿ ಓಪನ್ ಇನ್ಫ್ರಾಸ್ಟ್ರಕ್ಚರ್ ಫೌಂಡೇಷನ್ ಎಂದು ಹೆಸರು ಬದಲಿಸಿತು. ೨೦೨೫ರಲ್ಲಿ ಲಿನಕ್ಸ್ ಫೌಂಡೇಷನ್ನಿನೊಡನೆ ಸೇರಲು ನಿಶ್ಚಯಿಸಿತು. ಅರ್ಧ ವರ್ಷಕ್ಕೊಂದು ಆವೃತ್ತಿ ಬರುವ ಕ್ರಮ ತಪ್ಪಲಿಲ್ಲ.

ವಾರ್ನಿಷ್‌ನ ಚರಿತ್ರೆ ಬೇರೆ. ಬರೆಯುವವರು ಕೆಲವರೇ, ಕ್ಯಾಂಪ್ ಅವರ ವೇತನಕ್ಕೆ ಬಳಕೆದಾರ ಕಂಪನಿಗಳು ಸ್ವಯಿಚ್ಛೆಯಿಂದ ಕೊಡುವ ಕಾಣಿಕೆಯೂ ಒಂದು ಆಧಾರ. ೨೦೧೦ರಲ್ಲಿ ವಾರ್ನಿಷ್ ಸಾಫ್ಟ್‌ವೇರ್ ಎಂಬ ಕಂಪನಿ ಬೇರೆಯಾಗಿ ನಿಂತು ಬೆಲೆಯ ಆವೃತ್ತಿಯನ್ನು ಮಾರತೊಡಗಿತು. ಸರ್ವರ್ ನಿಂತು ಎದ್ದರೂ ಉಳಿಯುವ ಸಂಗ್ರಹದಂಥ ಭಾಗಗಳು ಬೆಲೆಯ ಕಡೆ ಬೆಳೆದುವು. ಮುಕ್ತ ಪಾಠದಲ್ಲಿ ಆ ಅಂಗ ಬಡವಾಯಿತು. ನಾಸಾದವರು ಯೂಕಲಿಪ್ಟಸ್‌ನಲ್ಲಿ ಕಂಡ ಅರ್ಧ ತೆರೆದ ಬಾಗಿಲು ಇಲ್ಲಿಯೂ ಕಾಣುತ್ತದೆ. ಕೊನೆಗೆ ೨೦೨೫ರಲ್ಲಿ ಮೂಲ ಯೋಜನೆಯವರು ತಮ್ಮ ಕೃತಿಯ ಹೆಸರನ್ನು ವಿನೈಲ್ ಕ್ಯಾಶ್ ಎಂದು ಬದಲಿಸುವ ನಿರ್ಧಾರವನ್ನು ಪ್ರಕಟಿಸಿದರು. ವಾರ್ನಿಷ್ ಎಂಬ ಹೆಸರಿನ ಹಕ್ಕು ಕಂಪನಿಯ ಕೈಯಲ್ಲಿತ್ತು. ಪಾಠ ಎಲ್ಲರದು, ಹೆಸರು ಒಬ್ಬರದು ಎಂಬ ಈ ಸ್ಥಿತಿ ವಿಚಾರಾರ್ಹವಾದದ್ದು. ಪರವಾನಗಿಯ ಒಂದಕ್ಷರವೂ ಬದಲಾಗಲಿಲ್ಲ. ಆದರೂ ಇಪ್ಪತ್ತು ವರ್ಷ ಬರೆದವರು ತಮ್ಮ ಕೃತಿಗೆ ಹೊಸ ಹೆಸರನ್ನು ಹುಡುಕಬೇಕಾಯಿತು.

೬

ಈ ವಿಚಾರಗಳೆಲ್ಲ ಕನ್ನಡದ ಓದುಗರಿಗೆ ದೂರವಾದವಲ್ಲ. ಕನ್ನಡ ವಿಕಿಪೀಡಿಯ ಆರಂಭವಾದದ್ದು ೨೦೦೩ರಲ್ಲಿ. ಅದನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದವರು ಪುಟಗಳ ಸಂಗ್ರಹಕ್ಕೆ ಮೊದಲು ಸ್ಕ್ವಿಡ್ಡನ್ನೂ ೨೦೧೦ರ ದಶಕದಲ್ಲಿ ವಾರ್ನಿಷನ್ನೂ ಬಳಸಿದರು. ೨೦೧೮ರಲ್ಲಿ ಸಿಂಗಪುರದಲ್ಲಿ ಒಂದು ಸಂಗ್ರಹಕೇಂದ್ರ ತೆರೆದ ಮೇಲೆ ನಮ್ಮ ವಿದ್ಯಾರ್ಥಿಯೊಬ್ಬನು ಧಾರವಾಡದಲ್ಲಿ ಕುಳಿತು ಬೇಡುವ ಪುಟ ಸಾಮಾನ್ಯವಾಗಿ ಅಮೆರಿಕದ ಮೂಲ ಕೇಂದ್ರದವರೆಗೆ ಹೋಗದೆ ಅಲ್ಲಿಂದಲೇ ದೊರೆಯುವಂತಾಯಿತು. ಯಾರಾದರೂ ಲೇಖನವನ್ನು ತಿದ್ದಿದ ಕೂಡಲೆ ಹಳೆಯ ಪ್ರತಿಯನ್ನು ಅಳಿಸಬೇಕೆಂಬ ಸಂದೇಶ ಸಂಗ್ರಹಕೇಂದ್ರಗಳಿಗೆಲ್ಲ ಹೋಗುತ್ತದೆ. ಅದು ದಾರಿಯಲ್ಲಿ ತಪ್ಪಿದರೆ ಓದುಗನಿಗೆ ಹಳೆಯ ಪಾಠವೇ ಕಾಣುತ್ತಿರುತ್ತದೆ. ಅದೇ ಪ್ರತಿಷ್ಠಾನವು ಸ್ವಯಂಸೇವಕರು ತಮ್ಮ ಉಪಕರಣಗಳನ್ನು ಓಡಿಸಲೆಂದು ಕೊಡುವ ಕ್ಲೌಡನ್ನು ಓಪನ್‌ಸ್ಟ್ಯಾಕ್‌ನ ಮೇಲೆ ಕಟ್ಟಿದೆ. ಹೀಗೆ ನಮ್ಮ ಎರಡು ಕೃತಿಗಳೂ ಒಂದೇ ಸಂಸ್ಥೆಯಲ್ಲಿ ಸೇರುತ್ತವೆ.

ಮುಕ್ತ ತಂತ್ರಾಂಶವನ್ನೇ ಬಳಸಬೇಕೆಂಬ ವ್ರತವುಳ್ಳ ಈ ಸಂಸ್ಥೆಯ ಅನುಭವ ನಮ್ಮ ವಾದಕ್ಕೆ ಒಳ್ಳೆಯ ಪ್ರಮಾಣ. ವಾರ್ನಿಷ್‌ನ ಕಡತಸಂಗ್ರಹ ಕೆಲವು ದಿನ ಓಡಿದೊಡನೆ ನಿಧಾನವಾಗುತ್ತಿದ್ದುದರಿಂದ ಅವರು ಸರ್ವರುಗಳನ್ನು ಆಗಾಗ ನಿಲ್ಲಿಸಿ ಎಬ್ಬಿಸಬೇಕಾಗಿತ್ತು. ಇದಕ್ಕೆ ಪರಿಹಾರವಾಗಬಹುದಾಗಿದ್ದ ಸಂಗ್ರಹ ಬೆಲೆಯ ಆವೃತ್ತಿಯಲ್ಲಿತ್ತು. ಆದುದರಿಂದ ೨೦೨೦ರ ಸುಮಾರಿಗೆ ಅವರು ಮುಂದಿನ ಸಾಲಿನಲ್ಲಿ ವಾರ್ನಿಷನ್ನು ಉಳಿಸಿಕೊಂಡು, ದೊಡ್ಡ ಸಂಗ್ರಹವಿರುವ ಹಿಂದಿನ ಸಾಲಿಗೆ ಅಪಾಚೆ ಟ್ರಾಫಿಕ್ ಸರ್ವರನ್ನು ತಂದರು. ಇದು ಇಂಕ್ಟೊಮಿ ಎಂಬ ಕಂಪನಿಯಲ್ಲಿ ಹುಟ್ಟಿ, ಯಾಹೂವಿನ ಕೈಸೇರಿ, ೨೦೦೯ರಲ್ಲಿ ಅಪಾಚೆ ಪ್ರತಿಷ್ಠಾನಕ್ಕೆ ದಾನವಾಗಿ ಬಂದ ಕೃತಿ. ಶಿಲ್ಪದ ಅಂದಕ್ಕಾಗಿ ಆರಿಸಿದ್ದನ್ನು ಒಂದು ಅಂಗದಲ್ಲಿ ಬಿಟ್ಟು, ಪ್ರತಿಷ್ಠಾನದ ಆಶ್ರಯದಲ್ಲಿದ್ದುದನ್ನು ಹಿಡಿದರು. ಸಂಪೂರ್ಣವಾಗಿ ಬಿಡದೆ, ವಾರ್ನಿಷ್ ಯಾವ ಕೆಲಸವನ್ನು ಉತ್ತಮವಾಗಿ ಮಾಡುತ್ತಿತ್ತೋ ಅಲ್ಲಿ ಅದನ್ನು ಇರಿಸಿಕೊಂಡದ್ದು ಅವರ ವಿವೇಕ.

೭

ಮೇಲಿನ ಪರಿಶೀಲನೆಯಿಂದ ಹೊರಡುವ ನಿರ್ಣಯ ಇಷ್ಟು. ಮುಕ್ತ ಎಂಬ ವಿಶೇಷಣದಲ್ಲಿ ಮೂರು ಅರ್ಥಗಳು ಅಡಗಿವೆ. ಪರವಾನಗಿ ಅನುಮತಿಸುತ್ತದೆಯೇ ಎಂಬುದು ಮೊದಲನೆಯದು. ಕೃತಿಯನ್ನು ಒಬ್ಬ ಸಮರ್ಥ ಓದುಗನು ಇಡಿಯಾಗಿ ಗ್ರಹಿಸಬಲ್ಲನೇ ಎಂಬುದು ಎರಡನೆಯದು. ಅದರ ಹೆಸರೂ ಮುಂದಿನ ಆವೃತ್ತಿಯೂ ಹಲವರ ಕೈಯಲ್ಲಿವೆಯೇ ಎಂಬುದು ಮೂರನೆಯದು. ಮೊದಲನೆಯದರಲ್ಲಿ ನಮ್ಮ ಎರಡು ಕೃತಿಗಳೂ ಸಮ. ಎರಡನೆಯದರಲ್ಲಿ ವಾರ್ನಿಷ್ ಮುಕ್ತ, ಓಪನ್‌ಸ್ಟ್ಯಾಕ್ ಬಹುಪಾಲು ಮುಚ್ಚಿದೆ. ಮೂರನೆಯದರಲ್ಲಿ ಓಪನ್‌ಸ್ಟ್ಯಾಕ್ ಮುಕ್ತ, ವಾರ್ನಿಷ್‌ನ ಸ್ಥಿತಿ ದುರ್ಬಲ. ಮೂರೂ ಒಂದೆಡೆ ಕೂಡುವುದು ಕಷ್ಟವೆಂಬುದಕ್ಕೆ ಕಾರಣವೂ ಕಾಣುತ್ತದೆ: ಗ್ರಾಹ್ಯತೆ ಕೆಲವೇ ಕೈಗಳನ್ನು ಬೇಡುತ್ತದೆ, ಭದ್ರತೆ ಅನೇಕ ಕೈಗಳನ್ನು ಬೇಡುತ್ತದೆ.

ಇದರಿಂದ ಅಧ್ಯಾಪಕರಿಗೆ ಒಂದು ಪ್ರಯೋಜನವುಂಟು. ನಮ್ಮ ಪಠ್ಯಕ್ರಮಗಳಲ್ಲಿ ಕ್ಲೌಡ್ ಎಂಬ ವಿಷಯವನ್ನು ಕಲಿಸುವಾಗ ದೊಡ್ಡ ವ್ಯವಸ್ಥೆಯ ಅಂಗಗಳ ಹೆಸರುಗಳನ್ನು ವಿದ್ಯಾರ್ಥಿ ಕಂಠಪಾಠ ಮಾಡುತ್ತಾನೆ. ಒಂದು ಪಾಠವನ್ನು ಮೊದಲಿಂದ ಕೊನೆಯವರೆಗೆ ಓದಿದ ಅನುಭವ ಅವನಿಗೆ ದೊರೆಯುವುದಿಲ್ಲ. ಮೊದಲು ವಾರ್ನಿಷ್‌ನಂಥ ಕೃತಿಯನ್ನು ಸಾಲುಸಾಲಾಗಿ ಓದಿಸಿ, ಅನಂತರ ಓಪನ್‌ಸ್ಟ್ಯಾಕ್‌ನ ಒಂದು ಬೇಡಿಕೆಯ ದಾರಿಯನ್ನು ಮಾತ್ರ ಹಿಂಬಾಲಿಸಿ ತೋರಿಸುವುದು ಲೇಸು. ಓಪನ್‌ಸ್ಟ್ಯಾಕ್‌ನ ಸಂವಿಧಾನವನ್ನು, ಅಂದರೆ ಸಮಿತಿ, ಚುನಾವಣೆ, ತಿದ್ದುಪಡಿಯ ಪರಿಶೀಲನೆ ಇವುಗಳನ್ನು, ಒಂದು ಸಂಸ್ಥೆಯ ಚರಿತ್ರೆಯೆಂದು ಕಲಿಸಬಹುದು.

ವಿಶ್ವವಿದ್ಯಾನಿಲಯಗಳೂ ಸರ್ಕಾರದ ಇಲಾಖೆಗಳೂ ಮುಕ್ತ ತಂತ್ರಾಂಶವನ್ನು ಆರಿಸುವಾಗ ಪರವಾನಗಿಯ ಪತ್ರವನ್ನು ನೋಡಿ ತೃಪ್ತರಾಗುವುದು ವಾಡಿಕೆ. ನಮ್ಮ ಸಿಬ್ಬಂದಿಯಲ್ಲಿ ಯಾರಾದರೂ ಇದನ್ನು ಓದಿ ತಿದ್ದಬಲ್ಲರೇ, ಇದರ ಹೆಸರು ಯಾರದು, ಇಂದು ಬರೆಯುತ್ತಿರುವವರು ಬಿಟ್ಟುಹೋದರೆ ನಾಳೆ ಬರೆಯುವವರಾರು ಎಂಬ ಪ್ರಶ್ನೆಗಳನ್ನೂ ಅವರು ಕೇಳಬೇಕಾಗಿದೆ. ದಾಖಲೆಗಳನ್ನೂ ಗ್ರಂಥಗಳನ್ನೂ ಪರೀಕ್ಷೆಯ ಫಲಿತಾಂಶಗಳನ್ನೂ ಇಂಥ ವ್ಯವಸ್ಥೆಗಳಿಗೆ ಒಪ್ಪಿಸಿರುವ ಈ ಕಾಲದಲ್ಲಿ ಇವು ತಂತ್ರಜ್ಞರಿಗೆ ಮಾತ್ರ ಬಿಡತಕ್ಕ ಪ್ರಶ್ನೆಗಳಲ್ಲ. ಇದೇ ಮೂರು ಮಾನಗಳಿಂದ ಡೇಟಾಬೇಸುಗಳನ್ನೂ ಕನ್ನಡದ ಅಕ್ಷರ ತಂತ್ರಾಂಶಗಳನ್ನೂ ಪರಿಶೀಲಿಸುವ ಕೆಲಸ ಮುಂದಿನ ಅಭ್ಯಾಸಿಗಳಿಗೆ ಉಳಿದಿದೆ.